ಮಾಸ್ಕ್ ಹಾಕಿದರೆ ಕನ್ನಡಕಕ್ಕೆ ಹಬೆ ಕೂರುತ್ತಾ? ಮೊದಲು ಮಾಸ್ಕ್ ನೋಡಿ, ಆಮೇಲೆ ಗ್ಲಾಸು

ದಾವಣಗೆರೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನಗೆ ಪದೇ ಪದೇ ಬರುವ ಪ್ರಶ್ನೆ ಇದು: ‘ಸರ್, ಮಾಸ್ಕ್ ಹಾಕಿದ್ರೆ ಚಸ್ಮಾ ಪೂರ್ತಿ ಮಂಜಾಗುತ್ತೆ. ಮಂಜಾಗದಂಥ ಗ್ಲಾಸ್ ಇದ್ರೆ ಹಾಕಿಕೊಡಿ.’ 2020ರಲ್ಲಿ ಊರಿಗೆ ಊರೇ ಕೇಳುತ್ತಿತ್ತು. ಈಗ ಕೇಳುವವರು ಬೇರೆ. ಆಸ್ಪತ್ರೆಯ ನರ್ಸ್‌ಗಳು, ಮೆಡಿಕಲ್ ಓದುವ ಮಕ್ಕಳು, ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಧೂಳಿನ ಮಧ್ಯೆ ದಿನವಿಡೀ ನಿಲ್ಲುವವರು, ರೈಸ್ ಮಿಲ್ಲಿನವರು, ಧೂಳು ಆಗಿಬರದ ಬೈಕ್ ಸವಾರರು. ಒಬ್ಬೊಬ್ಬರಿಗೂ ಕೌಂಟರಿನಲ್ಲಿ ನಿಂತು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ವ್ಯಾಪಾರಕ್ಕೆ ನಷ್ಟವಾದರೂ ಮೊದಲೇ ಹೇಳಿಬಿಡುತ್ತೇನೆ. ಇದಕ್ಕಾಗಿ ಹೊಸ ಗ್ಲಾಸು ಹಾಕಿಸಬೇಕಿಲ್ಲ. ಕನ್ನಡಕಕ್ಕೆ ಹಬೆ ಕೂತಿದೆ ಅಂದರೆ ಮಾಸ್ಕಿನ ಮೇಲಂಚಿನಿಂದ ಉಸಿರು ಸೋರುತ್ತಿದೆ ಅಂತ ಅರ್ಥ. ಉಸಿರು ಹೊರಗೆ ಹೋಗುವ ಸಂದಿಯಲ್ಲೇ ಧೂಳು ಒಳಗೂ ಬರುತ್ತದೆ. ಮಾಳಿಗೆ ಸೋರುವಾಗ ಬರೀ ನೆಲ ಒರೆಸುತ್ತಾ ಕೂತರೆ ಆಗುತ್ತದೆಯೇ? ಆದ್ದರಿಂದ ಮೊದಲ ಮೂರು ಹಂತ ಮಾಸ್ಕಿನದು. ಗ್ಲಾಸಿನ ಸರದಿ ಆಮೇಲೆ.

ಹಬೆ ಕೂರುವುದು ಯಾಕೆ?

ಫ್ರಿಜ್ಜಿನಿಂದ ತೆಗೆದ ತಣ್ಣೀರನ್ನು ಸ್ಟೀಲ್ ಲೋಟಕ್ಕೆ ಹಾಕಿ ಇಡಿ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರುತ್ತದೆ. ಗಾಳಿಯಲ್ಲಿರುವ ತೇವ ತಣ್ಣನೆಯ ಲೋಟಕ್ಕೆ ತಾಗಿ ನೀರಾಗುತ್ತದೆ. ನಿಮ್ಮ ಕನ್ನಡಕದ ಮೇಲೆ ಆಗುವುದೂ ಇದೇ.

ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬಿಸಿ ಇರುತ್ತದೆ. ಅದರಲ್ಲಿ ಹಿಡಿಸುವಷ್ಟೂ ತೇವ ತುಂಬಿರುತ್ತದೆ. ಗಾಳಿ ಯಾವ ಉಷ್ಣತೆಗೆ ಇಳಿದಾಗ ಅದರೊಳಗಿನ ತೇವ ನೀರಾಗಲು ಶುರುವಾಗುತ್ತದೋ ಅದಕ್ಕೆ ‘ಇಬ್ಬನಿ ಬಿಂದು’ ಅನ್ನುತ್ತಾರೆ. ಉಸಿರಿನ ಇಬ್ಬನಿ ಬಿಂದು ಆ 34ರ ಹತ್ತಿರವೇ ಇರುತ್ತದೆ. ಗ್ಲಾಸು ಅದಕ್ಕಿಂತ ತಣ್ಣಗಿದ್ದರೆ ಸಣ್ಣ ಸಣ್ಣ ಹನಿಗಳು ಕೂರುತ್ತವೆ. ಒಂದೊಂದು ಹನಿಯೂ ಬೆಳಕನ್ನು ಚೆದುರಿಸುತ್ತದೆ. ಅದಕ್ಕೇ ಎದುರಿಗಿರುವುದೆಲ್ಲ ಬಿಳಿ ಬಿಳಿ.

ನಮ್ಮೂರಿನ ಹವೆಗೆ ಇದನ್ನು ಹೊಂದಿಸಿ ನೋಡಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಿನಲ್ಲಿ ಹಳೇ ದಾವಣಗೆರೆಯ ಬೀದಿಯಲ್ಲಿ ನಡೆದರೆ ಹಬೆ ಕೂರುವುದಿಲ್ಲ, ಏಕೆಂದರೆ ಗ್ಲಾಸೇ ಉಸಿರಿಗಿಂತ ಬಿಸಿ ಇರುತ್ತದೆ. ಅಲ್ಲಿಂದ ಎಸಿ ಇರುವ ಬ್ಯಾಂಕಿಗೆ ಹೋಗಿ ಐದು ನಿಮಿಷ ಕೂತು ನೋಡಿ, ಶುರುವಾಗುತ್ತದೆ. ಡಿಸೆಂಬರ್ ಬೆಳಗಿನ ಜಾವ 20 ಡಿಗ್ರಿಗಿಂತ ಕೆಳಗಿರುವಾಗಂತೂ ಪ್ರತಿ ಉಸಿರಿಗೂ ಪರದೆ ಬೀಳುತ್ತದೆ. ಆದರೆ ಆಗ ಗಾಳಿ ಒಣಗಿರುವುದರಿಂದ ಬೇಗ ಆರುತ್ತದೆ. ಅತಿ ಕಾಟ ಮಳೆಗಾಲದಲ್ಲಿ. ಗಾಳಿಯೇ ಒದ್ದೆಯಾಗಿರುತ್ತದೆ, ಕೂತ ಹಬೆ ಆರುವುದೇ ಇಲ್ಲ. ಚಿತ್ರದುರ್ಗದವರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿಗೆ ಗ್ಲಾಸು ಬೇಗ ಆರುತ್ತದೆ.

ಏನೇನು ಬೇಕು?

ಹೆಚ್ಚೇನೂ ಬೇಡ. ಮೂಗಿನ ಮೇಲೆ ತಂತಿ ಇರುವ ಮಾಸ್ಕು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಒಳ್ಳೆ ನೀರು, ಮೆತ್ತನೆಯ ಹತ್ತಿ ಬಟ್ಟೆ ಅಥವಾ ಕನ್ನಡಕದ ಡಬ್ಬಿಯಲ್ಲಿ ಬರುವ ಮೈಕ್ರೋಫೈಬರ್ ಬಟ್ಟೆ. ಮೈಕ್ರೋಫೈಬರ್ ಅಂದರೆ ತುಂಬಾ ಸಣ್ಣ ಎಳೆಯಲ್ಲಿ ನೇಯ್ದ, ಗ್ಲಾಸಿಗೆ ಗೀರು ಬೀಳಿಸದ ಬಟ್ಟೆ. ತೀರಾ ಅಗತ್ಯವಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಗದದಂಥ ಮೈಕ್ರೋಪೋರ್ ಟೇಪು. ಟಿಶ್ಯೂ ಪೇಪರ್ ಮನೆಯಲ್ಲಿ ಇದ್ದೇ ಇರುತ್ತದೆ.

ಹಂತ 1: ಸೋರಿಕೆ ಎಲ್ಲಿದೆ ಅಂತ ಹುಡುಕಿ

ದಿನಾ ಹಾಕುವ ಹಾಗೆಯೇ ಮಾಸ್ಕ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಕನ್ನಡಕ ಬೇಡ. ಎರಡೂ ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಿ. ಒದ್ದೆ ಚರ್ಮಕ್ಕೆ ಗಾಳಿ ತಾಗಿದರೆ ತಕ್ಷಣ ಗೊತ್ತಾಗುತ್ತದೆ. ಬೆರಳುಗಳನ್ನು ಮಾಸ್ಕಿನ ಅಂಚಿನ ಹತ್ತಿರ ಹಿಡಿದು ಜೋರಾಗಿ ಉಸಿರು ಬಿಡಿ. ಮೂಗಿನ ಎರಡೂ ಪಕ್ಕ, ಕೆನ್ನೆಯ ಪಕ್ಕ, ಗದ್ದದ ಕೆಳಗೆ, ಹೀಗೆ ಒಂದೊಂದೇ ಜಾಗ ನೋಡಿ.

ನೂರಕ್ಕೆ ನೂರರಷ್ಟು ಜನ ‘ಮೂಗಿನ ಮೇಲಿಂದ ಬರುತ್ತೆ’ ಅನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಮೂಗಿನ ಮೇಲಿಂದಲ್ಲ. ಮೂಗಿನ ಗೋಡೆ ಇಳಿದು ಕೆನ್ನೆಗೆ ಸೇರುವ ಕಡೆ ಎರಡು ಸಣ್ಣ ಗುಳಿ ಇರುತ್ತವೆ, ಅಲ್ವಾ? ಉಸಿರು ನುಗ್ಗುವುದು ಆ ಗುಳಿಗಳಿಂದ. ಅದು ನೇರ ಗ್ಲಾಸಿನ ಹಿಂಬದಿಗೇ ಹೋಗುತ್ತದೆ. ಯಾವ ಗ್ಲಾಸು ಮೊದಲು ಮಂಜಾಗುತ್ತದೆ ಅಂತ ಗಮನಿಸಿ. ಬಲಗಡೆಯದು ಮೊದಲು ಮಂಜಾದರೆ ಬಲಗಡೆಯ ಗುಳಿಯಲ್ಲಿ ಸಂದಿ ಇದೆ.

ಹಂತ 2: ಮೂಗಿನ ತಂತಿಯನ್ನು ಎರಡೂ ಕೈಯಿಂದ ಕೂರಿಸಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ಮಾಸ್ಕ್ ಹಾಕಿಕೊಂಡು ಹೆಬ್ಬೆರಳು ತೋರುಬೆರಳಲ್ಲಿ ಮೂಗನ್ನು ಚಿವುಟಿ ಬಿಡುತ್ತಾರೆ. ಹಾಗೆ ಚಿವುಟಿದರೆ ತಂತಿ ಮಧ್ಯದಲ್ಲಿ ಗುಡಾರದ ತುದಿ ಥರ ಮೇಲೇಳುತ್ತದೆ. ಎರಡು ಪಕ್ಕಕ್ಕೂ ಸಂದಿ ಹಾಗೇ ಉಳಿಯುತ್ತದೆ.

ಸರಿಯಾದ ರೀತಿ ಹೀಗೆ. ಹಾಕುವ ಮೊದಲೇ ತಂತಿಯ ನಡುಭಾಗವನ್ನು ತೋರುಬೆರಳಿನ ಮೇಲಿಟ್ಟು ಸ್ವಲ್ಪ ಬಾಗಿಸಿ. ಮಾಸ್ಕನ್ನು ಮೂಗಿನ ಮೇಲೆ ಎತ್ತರಕ್ಕೆ ಇಡಿ. ಕಣ್ಣಿಗೆ ತಾಗಬಾರದು, ಆದರೆ ಕನ್ನಡಕ ಕೂರುವ ಜಾಗಕ್ಕೆ ಹತ್ತಿರ ಇರಬೇಕು. ಈಗ ಎರಡೂ ಕೈಯ ಎರಡೆರಡು ಬೆರಳುಗಳನ್ನು ಮೂಗಿನ ಮಧ್ಯದಲ್ಲಿಟ್ಟು, ಒತ್ತುತ್ತಾ ನಿಧಾನ ಎರಡು ಪಕ್ಕಕ್ಕೂ ಇಳಿಸಿಕೊಂಡು ಹೋಗಿ. ಆ ಗುಳಿ ಬಂದಾಗ ಅಲ್ಲಿ ಸ್ವಲ್ಪ ನಿಂತು ಒತ್ತಿ. ಆಮೇಲೆ ಕೆನ್ನೆಯ ಮೂಳೆ ತನಕ ಹೋಗಿ. ಹೂರಣದ ಕಡುಬಿನ ಅಂಚು ಒತ್ತುತ್ತೀರಲ್ಲ, ಒಂದು ಕಡೆಯೂ ಬಾಯಿ ಬಿಡದ ಹಾಗೆ? ಅದೇ ಕೈಚಳಕ.

ಒಂದು ಎಚ್ಚರಿಕೆ. ಒಂದೇ ತಂತಿಯನ್ನು ಹತ್ತಾರು ಸಲ ಬಾಗಿಸಿ ನೇರ ಮಾಡಿದರೆ ಅದು ಸತ್ವ ಕಳೆದುಕೊಳ್ಳುತ್ತದೆ. ಒತ್ತಿದ ಐದು ನಿಮಿಷಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಸಾಡುವ ಮಾಸ್ಕನ್ನು ವಾರಗಟ್ಟಲೆ ಜೇಬಿನಲ್ಲಿಟ್ಟು ಬಳಸುವವರು ಹಬೆ ಬರುತ್ತದೆ ಅಂತ ದೂರಿ ಪ್ರಯೋಜನವಿಲ್ಲ.

ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕಿಗೆ ತಂತಿಯೇ ಇರುವುದಿಲ್ಲ. ಚಾರ್ಜರ್ ಕೇಬಲ್ ಸುತ್ತಿಡಲು ಪ್ಲಾಸ್ಟಿಕ್ ಹೊದಿಸಿದ ಸಣ್ಣ ತಂತಿ ಬರುತ್ತದಲ್ಲ, ಅದು ಸಾಕು. ಸುಮಾರು 10 ಸೆಂಟಿಮೀಟರ್ ಉದ್ದ ಬೇಕು, ಸಾಲದಿದ್ದರೆ ಎರಡನ್ನು ಹೆಣೆದುಕೊಳ್ಳಿ. ಎರಡೂ ತುದಿ ಮಡಚಿ, ಮೇಲಂಚಿನ ಪಟ್ಟಿಯೊಳಗೆ ತೂರಿಸಿ ಹೊಲಿಗೆ ಹಾಕಿ. ತುದಿ ಮಡಚದಿದ್ದರೆ ಎರಡನೇ ಒಗೆತಕ್ಕೆ ಹೊರಗೆ ಬಂದು ಕಣ್ಣಿನ ಕೆಳಗೆ ಚುಚ್ಚುತ್ತದೆ. ಕಟ್ಟಡದವರು ಬಳಸುವ ಕಬ್ಬಿಣದ ಬೈಂಡಿಂಗ್ ತಂತಿ ಬೇಡ, ತುಕ್ಕು ಹಿಡಿಯುತ್ತದೆ.

ಹಂತ 3: ಪಕ್ಕದ ಸಡಿಲ ತೆಗೆಯಿರಿ

ನೀಲಿ ಬಣ್ಣದ ಸರ್ಜಿಕಲ್ ಮಾಸ್ಕು ತೆಳ್ಳಗಿನ ಮುಖದವರಿಗೆ ಕೆನ್ನೆಯ ಹತ್ತಿರ ಬಾಯಿ ಬಿಟ್ಟುಕೊಂಡಿರುತ್ತದೆ. ಪಕ್ಕ ಸಡಿಲವಿದ್ದರೆ ಮೇಲಂಚೂ ಸಡಿಲವೇ. ಇದಕ್ಕೆ ಸುಲಭ ಉಪಾಯ ಇದೆ. ಮೇಲಂಚು ಕೆಳಂಚಿಗೆ ಸೇರುವಂತೆ ಮಾಸ್ಕನ್ನು ಉದ್ದಕ್ಕೆ ಅರ್ಧ ಮಡಚಿ. ಕಿವಿ ದಾರ ಮಾಸ್ಕಿಗೆ ಸೇರುವ ಜಾಗಕ್ಕೆ ಆದಷ್ಟೂ ಹತ್ತಿರ, ಆ ದಾರದಲ್ಲೇ ಒಂದು ಗಂಟು ಹಾಕಿ. ಎರಡೂ ಕಡೆ ಹಾಗೇ ಮಾಡಿ. ಮಾಸ್ಕ್ ಬಿಡಿಸಿದಾಗ ಗಂಟಿನ ಪಕ್ಕ ಸಣ್ಣ ಜೇಬಿನಂತೆ ತೆರೆದುಕೊಂಡಿರುತ್ತದೆ. ಅದನ್ನು ಒಳಗೆ ಮಡಚಿ ಚಪ್ಪಟೆ ಮಾಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2021ರ ಫೆಬ್ರವರಿಯಲ್ಲಿ ಜನರಿಗೆ ಹೇಳಿಕೊಟ್ಟ ವಿಧಾನ ಇದು. ಎರಡು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ.

ಕಿವಿ ದಾರವನ್ನು ಎಂಟರ ಆಕಾರಕ್ಕೆ ತಿರುಚಿ ಹಾಕುವುದು ಮಾತ್ರ ಬೇಡ. ಬಿಗಿಯಾದಂತೆ ಅನಿಸುತ್ತದೆ, ಆದರೆ ಪಕ್ಕದಲ್ಲಿ ಇನ್ನೂ ದೊಡ್ಡ ಬಾಯಿ ತೆರೆಯುತ್ತದೆ.

ಎನ್-95 ಹಾಕುವವರಿಗೆ ಬೇರೆ ಮಾತು. ತಾಗಿದ ಸಣ್ಣ ಕಣಗಳಲ್ಲಿ ಕನಿಷ್ಠ 95 ಶೇಕಡಾವನ್ನು ತಡೆಯುವಂತೆ ಮಾಡಿದ ಮಾಸ್ಕು ಅದು. ಆದರೆ ಮುಖಕ್ಕೆ ಅಂಟಿ ಕೂತರೆ ಮಾತ್ರ ಆ ಲೆಕ್ಕ. ಸರಿಯಾಗಿ ಕೂತ ಎನ್-95ನಿಂದ ಹಬೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಬಂದರೆ ಕನ್ನಡಕವನ್ನು ಬಯ್ಯಬೇಡಿ, ಅದು ನಿಮಗೆ ಗಂಟೆ ಹೊಡೆದು ಹೇಳುತ್ತಿದೆ. ಮೇಲಿನ ಪಟ್ಟಿ ತಲೆಯ ಹಿಂದೆ ಎತ್ತರದಲ್ಲಿ, ಕೆಳಗಿನದು ಕಿವಿಗಿಂತ ಕೆಳಗೆ ಕುತ್ತಿಗೆಯ ಹತ್ತಿರ ಬರಬೇಕು. ಎರಡೂ ಕೈಯಲ್ಲಿ ಮಾಸ್ಕ್ ಮುಚ್ಚಿ ಹಿಡಿದು ಉಸಿರು ಬಿಡಿ. ಮೂಗಿನ ಹತ್ತಿರ ಗಾಳಿ ಬಂದರೆ ತಂತಿ ಮತ್ತೆ ಒತ್ತಿ. ಪಕ್ಕದಿಂದ ಬಂದರೆ ಪಟ್ಟಿಗಳನ್ನು ಸರಿಪಡಿಸಿ. ಗಡ್ಡ ಇದ್ದರೆ ಅದು ಎಂದಿಗೂ ಪೂರ್ತಿ ಅಂಟಿ ಕೂರುವುದಿಲ್ಲ. ಮಾರುಕಟ್ಟೆಯಲ್ಲಿ ಕಿವಿ ದಾರದ ಎನ್-95 ಜಾಸ್ತಿ ಸಿಗುತ್ತವೆ, ಅವು ತಲೆಪಟ್ಟಿಯವುಗಳಷ್ಟು ಬಿಗಿ ಬರುವುದಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಯಾರ್ಡಿನಲ್ಲಿ ನಿಲ್ಲುವವರು, ಒಕ್ಕಣೆ ಮೆಷಿನ್ ಹತ್ತಿರ ಕೆಲಸ ಮಾಡುವವರು ತಲೆಪಟ್ಟಿಯದನ್ನೇ ಕೇಳಿ ತೊಗೊಳ್ಳಿ.

ಮುಂದೆ ಪ್ಲಾಸ್ಟಿಕ್ ಬಿಲ್ಲೆ ಇರುವ ವಾಲ್ವ್ ಮಾಸ್ಕ್ ಬಗ್ಗೆಯೂ ಕೇಳುತ್ತಾರೆ. ಉಸಿರು ಆ ಬಿಲ್ಲೆಯಿಂದ ಮುಂದಕ್ಕೆ ಹೋಗುವುದರಿಂದ ಹಬೆ ಕಡಿಮೆ, ನಿಜ. ಬರೀ ಧೂಳಿನ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಆಸ್ಪತ್ರೆಗೆ, ರೋಗಿಯ ಹತ್ತಿರಕ್ಕೆ ಅದು ಬೇಡ. ನಿಮ್ಮ ಉಸಿರು ಸೋಸದೆಯೇ ಎದುರಿನವರ ಕಡೆ ಹೋಗುತ್ತದೆ.

ಹಂತ 4: ಕನ್ನಡಕವನ್ನು ಮಾಸ್ಕಿನ ಮೇಲೆ ಕೂರಿಸಿ

ಮೊದಲು ಮಾಸ್ಕ್, ಆಮೇಲೆ ಕನ್ನಡಕ. ಈ ಕ್ರಮ ತಪ್ಪಬಾರದು. ಕನ್ನಡಕದ ನೋಸ್ ಪ್ಯಾಡ್, ಅಂದರೆ ಮೂಗಿನ ಮೇಲೆ ಕೂರುವ ಎರಡು ಮೆತ್ತನೆಯ ಗುಂಡಿಗಳು, ಮಾಸ್ಕಿನ ಮೇಲಂಚನ್ನು ಒತ್ತಿ ಹಿಡಿಯುವಂತಿರಬೇಕು. ಆಗ ಕನ್ನಡಕದ ಭಾರವೇ ಸಂದಿ ಮುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಫ್ರೇಮಿಗೆ ಇದು ಚೆನ್ನಾಗಿ ಆಗುತ್ತದೆ. ತೀರಾ ಹಗುರ ಫ್ರೇಮು ಮಾಸ್ಕಿನ ಮೇಲೆ ಜಾರುತ್ತದೆ, ಅದಕ್ಕೆ ಒತ್ತಾಯ ಮಾಡಬೇಡಿ.

ಗ್ಲಾಸು ಕೆನ್ನೆಗೆ ಅಂಟಿಕೊಂಡಿದ್ದರೆ ಗಾಳಿ ಆಡಲು ಜಾಗವಿರುವುದಿಲ್ಲ, ಕೂತ ಹಬೆ ಆರುವುದಿಲ್ಲ. ಕನ್ನಡಕವನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಆದರೆ ಮೂಗಿನ ತುದಿಗೆ ಇಳಿಸಿಕೊಂಡು ಓಡಾಡಬೇಡಿ. ಪವರ್ ಜಾಸ್ತಿ ಇರುವವರಿಗೆ, ಅದರಲ್ಲೂ ಪ್ರೋಗ್ರೆಸಿವ್ ಗ್ಲಾಸಿನವರಿಗೆ, ಅಂದರೆ ದೂರ ಮತ್ತು ಹತ್ತಿರ ಎರಡೂ ಒಂದೇ ಗ್ಲಾಸಿನಲ್ಲಿ ಇರುವವರಿಗೆ, ಮೆಟ್ಟಿಲು ಇಳಿಯುವಾಗ ಲೆಕ್ಕ ತಪ್ಪುತ್ತದೆ.

ನೋಸ್ ಪ್ಯಾಡನ್ನು ಮನೆಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಬಾಗಿಸಲು ಹೋಗಬೇಡಿ. ಹಾಗೆ ಮಾಡಿ ಪ್ಯಾಡಿನ ಕಾಲು ಮುರಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಕನ್ನಡಕ ಕೊಂಡ ಅಂಗಡಿಗೆ ಹೋಗಿ, ಮಾಸ್ಕ್ ಹಾಕಿಕೊಂಡೇ ಕೂತು, ‘ಸ್ವಲ್ಪ ಮುಂದೆ ಬರೋ ಹಾಗೆ ಮಾಡಿಕೊಡಿ’ ಅಂತ ಕೇಳಿ. ಎರಡು ನಿಮಿಷದ ಕೆಲಸ.

ಹಂತ 5: ಗ್ಲಾಸಿಗೆ ಸೋಪಿನ ಪದರ ಕೊಡಿ

ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ಹಬೆ ಉಳಿದೇ ಉಳಿಯುತ್ತದೆ. ಅದಕ್ಕೆ ಸೋಪು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಂಟೆಗಟ್ಟಲೆ ಮಾಸ್ಕ್ ಹಾಕಿ ನಿಲ್ಲುವ ವೈದ್ಯರು ಕೋವಿಡ್‌ಗೆ ಎಷ್ಟೋ ಮೊದಲೇ ಈ ದಾರಿ ಕಂಡುಕೊಂಡಿದ್ದರು. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರ ಕಾಲೇಜಿನ ಪತ್ರಿಕೆಯಲ್ಲಿ 2011ರಲ್ಲೇ ಇದು ಅಚ್ಚಾಗಿತ್ತು: ಸೋಪು ನೀರಲ್ಲಿ ತೊಳೆದು, ಕೊಡವಿ, ಆರಲು ಬಿಡಿ, ಆಮೇಲೆ ಹಾಕಿಕೊಳ್ಳಿ. ಅಷ್ಟೇ.

ಸೋಪು ಹಬೆಯನ್ನು ತಡೆಯುವುದಿಲ್ಲ, ಹನಿಯಾಗಲು ಬಿಡುವುದಿಲ್ಲ. ನೀರಿಗೆ ದುಂಡಗೆ ಮುದುಡಿಕೊಳ್ಳುವ ಗುಣವಿದೆ, ಕೆಸುವಿನ ಎಲೆಯ ಮೇಲೆ ನೋಡಿರುತ್ತೀರಿ. ಸೋಪು ಆ ಬಿಗಿ ಕಳೆಯುತ್ತದೆ. ನೀರು ತೆಳ್ಳಗೆ ಹರಡಿ, ಗಾಜಿನಂತೆ ಪಾರದರ್ಶಕ ಪದರವಾಗುತ್ತದೆ. ತೇವ ಅಲ್ಲೇ ಇದ್ದರೂ ನಿಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ.

ಮಾಡುವುದು ಹೀಗೆ. ಮೊದಲು ಗ್ಲಾಸನ್ನು ನೀರಿಗೆ ಹಿಡಿದು ಧೂಳು ಕಳೆಯಿರಿ. ಧೂಳಿದ್ದಾಗಲೇ ಉಜ್ಜಿದರೆ ಗೀರು ಖಂಡಿತ. ನಮ್ಮ ಕಡೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ನೆನಪಿರಲಿ. ಆಮೇಲೆ ಒಂದೊಂದು ಗ್ಲಾಸಿಗೆ ಒಂದೊಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಒದ್ದೆ ಬೆರಳಿನ ತುದಿಯಿಂದ ಎರಡೂ ಬದಿಗೆ ಮೆಲ್ಲಗೆ ಸವರಿ. ಹಬೆ ಕೂರುವುದು ಹೆಚ್ಚಾಗಿ ಕಣ್ಣಿನ ಕಡೆಯ ಬದಿಗೆ, ಅಲ್ಲಿ ಚೆನ್ನಾಗಿ ಸವರಿ. ನೋಸ್ ಪ್ಯಾಡನ್ನೂ ತೊಳೆಯಿರಿ, ಅಲ್ಲಿ ಕೂತ ಹಸಿರು ಜಿಡ್ಡು ನೋಡಿದರೆ ನಿಮಗೇ ಬೇಜಾರಾಗುತ್ತದೆ. ಕೊನೆಗೆ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ನಲ್ಲಿ ಕೆಳಗೆ ಹಿಡಿದು ಪೂರ್ತಿ ತೊಳೆದುಬಿಟ್ಟರೆ ಪದರವೇ ಹೋಗುತ್ತದೆ. ಫ್ರೇಮ್ ಗಟ್ಟಿಯಾಗಿ ಹಿಡಿದು ನೀರು ಕೊಡವಿ, ಗಾಳಿಗೆ ಆರಲು ಬಿಡಿ. ಕಲೆ ಉಳಿದರೆ ಮೆತ್ತನೆಯ ಬಟ್ಟೆಯಿಂದ ಒತ್ತಿ, ಉಜ್ಜಬೇಡಿ.

ಇಲ್ಲಿ ನಮ್ಮ ಭಾಗಕ್ಕೇ ಸೇರಿದ ಒಂದು ತೊಂದರೆ ಇದೆ. ‘ಸೋಪು ಹಾಕಿದೆ, ಗ್ಲಾಸು ಇನ್ನೂ ಬೆಳ್ಳಗಾಯ್ತು’ ಅಂತ ಬರುವವರು ಬಹಳ. ವಿಚಾರಿಸಿದರೆ ಬೋರ್ ನೀರು. ಜಗಳೂರು, ಚಿತ್ರದುರ್ಗ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಬಿಸಿನೀರಿನ ಹಂಡೆಯೊಳಗೆ ಕೈಹಾಕಿ ನೋಡಿದವರಿಗೆ ಗೊತ್ತು, ಸುಣ್ಣದ ಹಾಗೆ ಪದರ ಕಟ್ಟಿರುತ್ತದೆ. ಆ ಉಪ್ಪು ಮೈಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ನೀರು ಆರಿದ ಕಡೆ ಚುಕ್ಕಿ ಉಳಿಯುತ್ತದೆ. ಆದ್ದರಿಂದ ಎರಡು ವಿಷಯ ನೆನಪಿಡಿ. ಮೈಸೋಪಿನ ಬದಲು ಪಾತ್ರೆಯ ಲಿಕ್ವಿಡ್ ಬಳಸಿ, ಅದು ಗಡಸು ನೀರಿಗೆ ಅಷ್ಟಾಗಿ ಜಿಡ್ಡು ಕಟ್ಟುವುದಿಲ್ಲ. ಕೊನೆಯ ಅದ್ದುವಿಕೆಗೆ ಫಿಲ್ಟರ್ ನೀರು ಅಥವಾ ಕುಡಿಯುವ ನೀರಿನ ಕ್ಯಾನಿನಿಂದ ಅರ್ಧ ಲೋಟ ತೊಗೊಳ್ಳಿ. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಕೆನೆ, ಬಾದಾಮಿ, ಅಲೋವೆರಾ ಅಂತೆಲ್ಲ ಹಾಕಿದ ಹ್ಯಾಂಡ್‌ವಾಶ್ ಬೇಡ. ಚರ್ಮಕ್ಕೆ ಹಾಕಿದ ಎಣ್ಣೆಯಂಶ ಗ್ಲಾಸಿನ ಮೇಲೆ ಉಳಿದು ಮಸಕಾಗುತ್ತದೆ.

ಈ ಪದರ ಕೆಲವು ಗಂಟೆ ಬರುತ್ತದೆ. ನಡುವೆ ಒರೆಸಿದರೆ ಹೋಯಿತು. ದಿನಾ ಬೆಳಗ್ಗೆ ಮುಖ ತೊಳೆಯುವಾಗ ಇದನ್ನೂ ಮಾಡಿಬಿಡಿ. ಪದರ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೋಡಲು ಸುಲಭ ದಾರಿ ಬೆಳಗಿನ ಟೀ. ಬಿಸಿ ಟೀ ಲೋಟದ ಮೇಲೆ ಗ್ಲಾಸು ಹಿಡಿಯಿರಿ. ಎಲ್ಲಿ ಮಂಜು ಕೂರುತ್ತದೋ ಅಲ್ಲಿ ಲಿಕ್ವಿಡ್ ತಾಗಿಲ್ಲ.

ಹಂತ 6: ಇದ್ಯಾವುದೂ ಸಾಲದಿದ್ದರೆ ಟಿಶ್ಯೂ ಅಥವಾ ಟೇಪು

ಟಿಶ್ಯೂ ಪೇಪರನ್ನು ಉದ್ದಕ್ಕೆ ಮೂರ್ನಾಲ್ಕು ಮಡಿಕೆ ಮಾಡಿ, ಬೆರಳಗಲದ ಪಟ್ಟಿ ಮಾಡಿ, ಮಾಸ್ಕಿನ ಮೇಲಂಚಿನ ಒಳಗಡೆ ಇಡಿ. ಮೂಗಿನ ಗುಳಿಯನ್ನು ತುಂಬುತ್ತದೆ, ತೇವವನ್ನೂ ಹೀರುತ್ತದೆ. ಒದ್ದೆಯಾದ ಮೇಲೆ ಬದಲಿಸಿ. ಮಗುವಿಗೆ ಬೇಡ. ಎನ್-95 ಒಳಗೂ ಬೇಡ, ಅಂಚು ಚರ್ಮಕ್ಕೆ ಅಂಟದಂತೆ ಅದೇ ಅಡ್ಡ ನಿಲ್ಲುತ್ತದೆ.

ಟೇಪು ನರ್ಸ್‌ಗಳ ಮೆಚ್ಚಿನ ಉಪಾಯ. ಮಾಸ್ಕಿನ ಮೇಲಂಚು ಮತ್ತು ಚರ್ಮ ಎರಡಕ್ಕೂ ಅರ್ಧರ್ಧ ಬರುವಂತೆ ಮೈಕ್ರೋಪೋರ್ ಟೇಪನ್ನು ಮೂಗಿನ ಮೇಲಿಂದ ಕೆನ್ನೆ ತನಕ ಅಂಟಿಸಿ. ಮುಖಕ್ಕೆ ಎಣ್ಣೆ, ಕ್ರೀಮ್ ಇದ್ದರೆ ಹಿಡಿಯುವುದಿಲ್ಲ. ಮೊದಲ ದಿನ ಕೈಮೇಲೆ ಒಂದು ತುಂಡು ಅಂಟಿಸಿ ನೋಡಿ, ಕೆಂಪಾದರೆ ಬಿಟ್ಟುಬಿಡಿ. ವಯಸ್ಸಾದವರ ಚರ್ಮ ತೆಳ್ಳಗಿರುತ್ತದೆ, ಕೀಳುವಾಗ ಚರ್ಮವೂ ಬರಬಹುದು. ಒದ್ದೆ ಮಾಡಿ ನಿಧಾನ ತೆಗೆಯಿರಿ. ಸೆಲ್ಲೋಟೇಪ್, ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪು ಮುಖಕ್ಕೆ ಹಚ್ಚುವ ವಸ್ತುವೇ ಅಲ್ಲ. ಹೇಳಬೇಕಾ ಅನಿಸಬಹುದು, ಹಚ್ಚಿಕೊಂಡು ಬಂದವರಿದ್ದಾರೆ.

ಸ್ಪ್ರೇ, ಬಟ್ಟೆ: ಕೊಳ್ಳಬೇಕಾ?

ಆಂಟಿಫಾಗ್ ಸ್ಪ್ರೇ, ಆಂಟಿಫಾಗ್ ಬಟ್ಟೆ, ಅಂದರೆ ಗ್ಲಾಸು ಮಂಜಾಗದಂತೆ ಹಚ್ಚುವಂಥವು, ನನ್ನ ಅಂಗಡಿಯಲ್ಲೂ ಇವೆ. ಸೋಪು ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ, ಸ್ವಲ್ಪ ಹೆಚ್ಚು ಹೊತ್ತು ಬರುತ್ತವೆ. ದಿನಕ್ಕೆ ಎಂಟು ಗಂಟೆ ಮಾಸ್ಕ್ ಹಾಕುವವರು, ನೀರಿನ ಹತ್ತಿರ ಹೋಗಲು ಪುರುಸೊತ್ತಿಲ್ಲದವರು ತೊಗೊಳ್ಳಿ. ಸಂತೆಗೆ ಹೋಗಿಬರಲು ಒಂದು ಗಂಟೆ ಮಾಸ್ಕ್ ಹಾಕುವವರು ಸುಮ್ನೆ ದುಡ್ಡು ಹಾಳು ಮಾಡಬೇಡಿ. ಕೊಳ್ಳುವುದಾದರೆ, ನಿಮ್ಮ ಗ್ಲಾಸಿಗೆ ಯಾವ ಕೋಟಿಂಗ್, ಅಂದರೆ ಗ್ಲಾಸಿನ ಮೇಲೆ ಕೊಟ್ಟಿರುವ ತೆಳ್ಳನೆಯ ಲೇಪ, ಇದೆ ಅಂತ ಹೇಳಿ, ಅದಕ್ಕೆ ಆಗಿಬರುತ್ತದಾ ಕೇಳಿ ಕೊಳ್ಳಿ.

ಯಾವುದನ್ನು ಹಚ್ಚಲೇಬಾರದು

ಮೊಬೈಲಿನಲ್ಲಿ ಬರುವ ಉಪಾಯಗಳಲ್ಲಿ ಅತಿ ಕೆಟ್ಟದ್ದು ಟೂತ್‌ಪೇಸ್ಟ್. ಹಲ್ಲು ಉಜ್ಜಲೆಂದೇ ಅದರಲ್ಲಿ ಸಣ್ಣ ತರಿ ಇರುತ್ತದೆ. ಗಾಜು ಅದನ್ನು ತಡೆದೀತು, ಈಗಿನ ಪ್ಲಾಸ್ಟಿಕ್ ಗ್ಲಾಸು ತಡೆಯುವುದಿಲ್ಲ. ರಾತ್ರಿ ಎದುರಿನ ಲಾರಿ ಲೈಟ್ ಬಿದ್ದಾಗ ಆ ಗೀರುಗಳು ಜೇಡರ ಬಲೆ ಹಾಗೆ ಕಾಣುತ್ತವೆ. ಬೂದಿ, ಸಬೀನಾ ಪುಡಿಯೂ ಇದೇ ಜಾತಿ.

ಸ್ಯಾನಿಟೈಸರ್ ವಿಷಯಕ್ಕೆ ನಾನೇ ಸಾಕ್ಷಿ. 2020ರಲ್ಲಿ ಗಿರಾಕಿ ಹೋದಾಗಲೆಲ್ಲ ಕೈಗೆ ಹಾಕಿಕೊಂಡ ಸ್ಯಾನಿಟೈಸರಲ್ಲೇ ನನ್ನ ಗ್ಲಾಸನ್ನೂ ಒರೆಸುತ್ತಿದ್ದೆ. ಮೂರು ತಿಂಗಳಿಗೆ ಕೋಟಿಂಗ್ ಹಾವಿನ ಪೊರೆ ಥರ ಎದ್ದು ಬಂತು. ಕನ್ನಡಕ ಮಾರುವವನ ಕನ್ನಡಕದ ಗತಿ ಅದು! ನೇಲ್ ಪಾಲಿಶ್ ತೆಗೆಯುವ ದ್ರವ, ಕಿಟಕಿ ಗಾಜು ಒರೆಸುವ ದ್ರವ, ಕುದಿಯುವ ನೀರು ಕೂಡ ಕೋಟಿಂಗಿಗೆ ಶತ್ರುಗಳೇ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕನ್ನಡಕ ಇಟ್ಟು ಹೋಗಬೇಡಿ, ಕಾವಿಗೆ ಕೋಟಿಂಗ್ ಬಿರಿಯುತ್ತದೆ.

ಎಂಜಲು ಹಚ್ಚುವುದು, ಸೆರಗಿನಿಂದ, ಲುಂಗಿ ಅಂಚಿನಿಂದ ಒರೆಸುವುದು ಎಲ್ಲರಿಗೂ ಇರುವ ಚಟ. ಬಟ್ಟೆಯ ಧೂಳೇ ಮರಳು ಕಾಗದದಂತೆ ಕೆಲಸ ಮಾಡುತ್ತದೆ.

ಬೈಕಿನವರಿಗೆ ಎರಡು ಮಾತು

ಗಾಡಿ ಓಡುತ್ತಿರುವಾಗ ಎದುರು ಗಾಳಿ ಹಬೆಯನ್ನು ಎಳೆದುಕೊಂಡು ಹೋಗುತ್ತದೆ. ಕಷ್ಟ ಬರುವುದು ಪಿ.ಬಿ. ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ. ಹಸಿರು ಬೀಳುವಷ್ಟರಲ್ಲಿ ಎದುರಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ನಿಂತ ತಕ್ಷಣ ಹೆಲ್ಮೆಟ್ಟಿನ ಮುಂಗಾಜು ಎತ್ತಿ. ಹೊರಡುವಾಗ ಗ್ಲಾಸು ತಿಳಿಯಾಗಿದೆ ಅಂತ ಖಾತ್ರಿಯಾದ ಮೇಲೆ ಇಳಿಸಿ. ಹಾಕುವ ಕ್ರಮ: ಮಾಸ್ಕ್, ಹೆಲ್ಮೆಟ್, ಕೊನೆಗೆ ಕನ್ನಡಕ. ಹೆಲ್ಮೆಟ್ ಎಳೆದುಕೊಳ್ಳುವಾಗ ಮಾಸ್ಕ್ ಸರಿದಿರುತ್ತದೆ, ಕನ್ನಡಕ ಇಡುವ ಮೊದಲು ತಂತಿಯನ್ನು ಮತ್ತೊಮ್ಮೆ ಒತ್ತಿ. ಓಡಿಸುವಾಗ ಒಂದು ಕೈ ಬಿಟ್ಟು ಗ್ಲಾಸು ಒರೆಸಲು ಹೋಗಬೇಡಿ. ಪಕ್ಕಕ್ಕೆ ನಿಲ್ಲಿಸಿ.

ಹಬೆಯಲ್ಲದ ಮಂಜು

ಒಂದು ವಿಷಯ ಉಳಿಯಿತು. ಕೆಲವು ಹಿರಿಯರು ಬಂದು ‘ಮಾಸ್ಕ್ ಹಾಕ್ದಾಗಿಂದ ಮಂಜು ಮಂಜು, ಎಷ್ಟು ಒರೆಸಿದ್ರೂ ಹೋಗಂಗಿಲ್ಲ ಕಣಪ್ಪ’ ಅನ್ನುತ್ತಾರೆ. ಗ್ಲಾಸು ತೊಳೆದು ಕೊಟ್ಟರೂ ಅದೇ ಮಾತು. ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿ. ಮಾಸ್ಕ್ ತೆಗೆಸಿ, ಗ್ಲಾಸು ತೊಳೆದು ಒರೆಸಿ ಹಾಕಿಸಿ. ಒಂದು ಕಣ್ಣು ಕೈಯಲ್ಲಿ ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಮಂಜು ಆಗಲೂ ಇದ್ದರೆ ಅದು ಕಣ್ಣಿನ ಪೊರೆ ಇರಬಹುದು. ಅದಕ್ಕೆ ಸೋಪೂ ಇಲ್ಲ, ಸ್ಪ್ರೇಯೂ ಇಲ್ಲ, ನನ್ನ ಅಂಗಡಿಯಲ್ಲಿ ಮದ್ದೂ ಇಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಂಜಿನ ಜೊತೆ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ.